ಅಮ್ಮನ ಕೆಳಗಿನ ಹಲ್ಲಿನ ಸೆಟ್ ನಿಲ್ಲುವುದೇ ಇಲ್ಲ, ಇಂಪ್ಲಾಂಟ್ ಮಾಡಿಸಬಹುದಾ? ಮುಂಬೈ ಪುಣೆ ಕಡೆಯವರು ಹೇಳಿ

ಡೊಂಬಿವಲಿ ಮಗಳು

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿರೋದು, ಊರು ಕಾರ್ಕಳ ಕಡೆ. ಅಮ್ಮನಿಗೆ 72 ವರ್ಷ, ಮೇಲೆ ಕೆಳಗೆ ಎರಡೂ ಫುಲ್ ಸೆಟ್ ಹಾಕಿಸಿ ಆರೇಳು ವರ್ಷ ಆಯ್ತು. ಮೇಲಿನದ್ದು ಪರವಾಗಿಲ್ಲ, ಅಂಟಿಕೊಂಡು ಕೂತ್ಕೊಳ್ತದೆ. ಕೆಳಗಿನದ್ದೇ ಸಮಸ್ಯೆ. ಮಾತಾಡುವಾಗ ಎದ್ದು ಬರ್ತದೆ, ಊಟ ಮಾಡುವಾಗ ಅಡಿಯಲ್ಲಿ ಅಗುಳು ಸಿಕ್ಕಿಕೊಂಡು ವಸಡು ಒತ್ತಿ ಒತ್ತಿ ಹುಣ್ಣಾಗ್ತದೆ, ಹುಣ್ಣಾದ ಮೇಲೆ ಸೆಟ್ ತೆಗೆದಿಟ್ಟು ಬರೀ ಗಂಜಿ, ವಾಸಿಯಾಯ್ತು ಅಂತ ಹಾಕಿದ್ರೆ ಪುನಃ ಅದೇ ಕಥೆ.

ಕೋರಿ ರೊಟ್ಟಿ ಅಂದ್ರೆ ಅವರಿಗೆ ಪ್ರಾಣ, ಈಗ ರೊಟ್ಟಿ ಸಾರಿನಲ್ಲಿ ಪೂರ್ತಿ ಮೆತ್ತಗಾದ ಮೇಲೆ ನುಂಗೋದು ಅಷ್ಟೇ. ಪೇರಳೆ ಹಣ್ಣು ಮನೆಗೆ ತಂದ್ರೆ ನಮಗೆ ಹೆಚ್ಚಿ ಕೊಡ್ತಾರೆ, ತಾವು ಮುಟ್ಟೋದಿಲ್ಲ. ಮದುವೆ, ಪೂಜೆ, ಸಂಘದ ಕಾರ್ಯಕ್ರಮ ಯಾವುದಕ್ಕೂ ಬರೋದಿಲ್ಲ, ಎಲ್ಲರ ಎದುರು ಸೆಟ್ ಜಾರಿದ್ರೆ ಏನು ಮಾಡೋದು ಅಂತ ಹೆದರಿಕೆ. ತೂಕ ಕೂಡ ಇಳಿದಿದೆ, ನನಗೆ ಜಾಸ್ತಿ ಚಿಂತೆ ಅದೇ.

ಡಾಕ್ಟರುಗಳ ಹತ್ರ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಸ್ಟೇಷನ್ ಹತ್ರದ ದೊಡ್ಡ ಕ್ಲಿನಿಕ್‌ನಲ್ಲಿ ಎರಡೂ ದವಡೆಗೆ ಆಲ್ ಆನ್ ಫೋರ್ ಮಾಡಿ, ಅಂದ್ರೆ ಒಂದೊಂದು ದವಡೆಯ ಮೂಳೆಗೆ ಸ್ಕ್ರೂ ಹಾಗಿರೋ ನಾಲ್ಕು ಇಂಪ್ಲಾಂಟ್, ಅದರ ಮೇಲೆ ಫಿಕ್ಸ್ ಹಲ್ಲು ಬರ್ತದೆ, ಐದೂವರೆ ಲಕ್ಷ ಅಂದ್ರು, ಈ ವಾರದಲ್ಲೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಅಂತೆ. ಇನ್ನೊಂದು ಕಡೆ ಬೇಸಲ್ ಇಂಪ್ಲಾಂಟ್ ಅಂತ, ದವಡೆ ಮೂಳೆಯ ಆಳದ ಗಟ್ಟಿ ಭಾಗಕ್ಕೆ ಹಾಕೋದಂತೆ, ಮೂರು ದಿನದಲ್ಲಿ ಹಲ್ಲು ಕೊಡ್ತೇವೆ ಅಂದ್ರು. ನಮ್ಮ ಬಿಲ್ಡಿಂಗ್ ಕೆಳಗಿನ ಡಾಕ್ಟರ್ ಹೇಳೋದು, ಈ ವಯಸ್ಸಲ್ಲಿ ಅದೆಲ್ಲ ಯಾಕೆ, ಅದೇ ಸೆಟ್ ರಿಲೈನ್ ಮಾಡಿ, ಅಂದ್ರೆ ಒಳಗಡೆ ಹೊಸ ಪದರ ಹಾಕಿ ಕೊಡ್ತೇನೆ ಅಂತ. ತಮ್ಮ ಮಸ್ಕತ್‌ನಲ್ಲಿದ್ದಾನೆ, ದುಡ್ಡು ಕಳಿಸ್ತೇನೆ ಅಂತಾನೆ. ಅಮ್ಮ ಮಾತ್ರ ಇನ್ನೆಷ್ಟು ದಿನಕ್ಕೆ ಇದೆಲ್ಲ ಬೇಡ ಮಗಾ ಅಂತ ಒಂದೇ ಹಠ.

ಶುಗರ್ ಉಂಟು, ಬಿಪಿ ಉಂಟು, ಎರಡಕ್ಕೂ ಮಾತ್ರೆ ನಡೀತಾ ಉಂಟು. ಈ ವಯಸ್ಸಿಗೆ ಇಂಪ್ಲಾಂಟ್ ಸರಿಯಾ? ತುಂಬ ನೋವಾ? ಎಷ್ಟು ವರ್ಷ ಬರ್ತದೆ? ಇನ್ಶೂರೆನ್ಸ್‌ನಲ್ಲಿ ಸಿಗ್ತದಾ? ಮನೆಯಲ್ಲಿ ಮಾಡಿಸಿದವರು ಇದ್ರೆ ದಯವಿಟ್ಟು ಬರೀರಿ, ಜಾಹೀರಾತು ಬೇಡ.

ಮುಲುಂಡ್ ಅಕ್ಕ

ನಮ್ಮ ಅತ್ತೆಗೂ ಕೆಳಗಿನದ್ದು ಜಾರ್ತಿತ್ತು, ಮೆಡಿಕಲ್‌ನಲ್ಲಿ ಸೆಟ್ ಅಂಟಿಸೋ ಕ್ರೀಮ್ ಸಿಗುತ್ತೆ, ಅದು ಹಾಕಿ ದಿನ ತಳ್ತಾ ಇದ್ದಾರೆ. ಬೆಳಿಗ್ಗೆ ಹಾಕಿದ್ರೆ ಮಧ್ಯಾಹ್ನದ ಊಟದವರೆಗೂ ಪರವಾಗಿಲ್ಲ. ಲಕ್ಷಗಟ್ಟಲೆ ಕೊಡೋ ಮೊದಲು ಅದೊಂದು ನೋಡಿ. ಇನ್ಶೂರೆನ್ಸ್ ಮರೆತುಬಿಡಿ, ನಮ್ಮ ಪಾಲಿಸಿಯಲ್ಲಿ ಆಕ್ಸಿಡೆಂಟ್ ಆಗಿ ಹಲ್ಲು ಹೋದ್ರೆ ಮಾತ್ರ ಅಂತ ಬರೆದಿದೆ, ಹೆಚ್ಚಿನ ಪಾಲಿಸಿಗಳೂ ಹಾಗೇ ಇರೋದು.

ಧಾರವಾಡ ಟು ಪುಣೆ

ನಮಸ್ಕಾರ್ರಿ ಅಕ್ಕಾರ. ನಮ್ಮ ಅಪ್ಪಾಜಿದೂ ಥೇಟ್ ಇದ ಪರಿಸ್ಥಿತಿ ಇತ್ತು, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ನಾವು ಕೋಥ್ರೂಡದಾಗ ಇರ್ತೀವಿ. ಅಪ್ಪಾಜಿಗೆ ಜ್ವಾಳದ ರೊಟ್ಟಿ ಇಲ್ಲಂದ್ರ ಅದು ಊಟನ ಅಲ್ಲ. ಕೆಳಗಿನ ಕವಳಿ ಅಲ್ಲಾಡಾಕ ಹತ್ತಿದ ಮ್ಯಾಲೆ ರೊಟ್ಟಿ ಮುರಿದು ಹಾಲಿನ್ಯಾಗ ನೆನಸಿ ತಿಂತಿದ್ರು, ಆಮೇಲೆ ಅದೂ ಬಿಟ್ರು. ಬರೇ ಅನ್ನ ಸಾರು. ಶುಗರ್ ಇದ್ದವರು ಮೂರ ಹೊತ್ತು ಅನ್ನ ತಿಂದ್ರ ಏನಾಗ್ತದ ಹೇಳ್ರಿ, ಅದೂ ಏರಿತು.

ನಮಗೂ ಮೊದಲು ಫಿಕ್ಸ್ ಹಲ್ಲಿಂದ ಹೇಳಿದ್ರು, ರೇಟ್ ಕೇಳಿ ಅಪ್ಪಾಜಿ ಎದ್ದು ಹೊರಗ ಬಂದ್ರು. ಆಮೇಲೆ ಗೊತ್ತಿದ್ದವರೊಬ್ಬರು ಪ್ರಾಸ್ತೋಡಾಂಟಿಸ್ಟ್ ಹತ್ರ ಕಳಿಸಿದ್ರು, ಸೆಟ್ ಮಾಡೋದರಾಗ ಎಂಡಿಎಸ್ ಮಾಡಿದವರು. ಅವರು ನೋಡಿ ಹೇಳಿದ್ದು ಇಷ್ಟ: ಮ್ಯಾಲಿಂದು ಚಲೋ ಕೂಡ್ತದ, ಅದನ್ನ ಮುಟ್ಟೋದು ಬ್ಯಾಡ, ಕೆಳಗ ಮುಂದಿನ ಭಾಗದಾಗ ಎರಡ ಎರಡು ಇಂಪ್ಲಾಂಟ್ ಹಾಕೋಣ, ಕೋರೆಹಲ್ಲು ಇರ್ತಿದ್ದ ಜಾಗದಾಗ, ಅದರ ಮ್ಯಾಲೆ ಸೆಟ್ ಟಿಚ್ ಬಟನ್ ಗತೆ ಟಕ್ ಅಂತ ಕೂಡ್ತದ, ತಗೀಬೇಕಂದ್ರ ತಗೀಬಹುದು. ಇದು ಫಿಕ್ಸ್ ಹಲ್ಲಲ್ಲ, ನೆಪ್ಪಿಡ್ರಿ, ಸೆಟ್ಟ. ಖರೇ ಅಂದ್ರ ಜಾರೂದಿಲ್ಲ ಅಷ್ಟ.

ಆಪರೇಷನ್ ಅಂದ್ರ ಹಲ್ಲು ಕೀಳೋವಾಗ ಕೊಡೋ ಇಂಜೆಕ್ಷನ್ನ, ಪೂರ್ತಿ ಎಚ್ಚರ ಇರ್ತಾರ. ಒಂದು ತಾಸಿನೊಳಗ ಮುಗೀತು. ಅವತ್ತ ರಾತ್ರಿ ಗದ್ದ ಬಾತಿತ್ತು, ಐಸ್ ಇಟ್ವಿ, ಗುಳಿಗಿ ಕೊಟ್ಟಿದ್ರು. ಹಲ್ಲು ಕಿತ್ತಾಗಿನ ತ್ರಾಸಿಗಿಂತ ಇದು ಕಡಿಮಿನ ಅಂತ ಅಪ್ಪಾಜಿ ತಾವ ಹೇಳಿದ್ರು. ಖರೇ ತ್ರಾಸು ಅಂದ್ರ ಕಾಯೋದು. ಸ್ಕ್ರೂ ಎಲುಬಿಗೆ ಹಿಡ್ಕೊಳ್ಳಲಿಕ್ಕೆ ಮೂರು ತಿಂಗಳು ಬಿಟ್ರು. ಹಳೇ ಸೆಟ್ಟಿನ ಒಳಗಡೆ ಕೊರದು ಮೆತ್ತನ್ನ ಲೈನಿಂಗ್ ಹಾಕಿ ಕೊಟ್ಟಿದ್ರು, ಅದನ್ನ ಹಾಕ್ಕೊಂಡು ಖಿಚಡಿ, ಉಪ್ಪಿಟ್ಟು ಅಂತ ದಿನ ದೂಡಿದ್ವಿ. ಮನ್ಯಾಗ ಎಲ್ಲಾರಿಗೂ ಆಗ ಸಂಶಯ ಬಂದಿತ್ತು, ರೊಕ್ಕ ಹೋತೇನೋ ಅಂತ.

ಆಮೇಲೆ ಮ್ಯಾಲೆ ಸಣ್ಣ ಗುಂಡಿ ಕೂಡ್ಸಿ, ಅದ ಸೆಟ್ಟಿನೊಳಗ ಅದರ ಜೋಡಿ ಕೂಡ್ಸಿದ್ರು. ಹೊಸ ಸೆಟ್ ಬೇಕಾಗಲಿಲ್ಲ. ಎಲ್ಲಾ ಕೂಡಿ ಒಂದು ಲಕ್ಷದ ಒಳಗ ಆತು. ಈಗ ರೊಟ್ಟಿ ತಿಂತಾರ, ಬಿಸಿ ರೊಟ್ಟಿ, ಕಟಕ್ ಅನ್ನೋದಲ್ಲ. ಸವತಿಕಾಯಿ, ಶೇಂಗಾ ಚಟ್ನಿ ಎಲ್ಲಾ ನಡೀತದ. ಕಬ್ಬು ಹಿಸಿದು ತಿನ್ನಾಕ ಹೋಗ್ಬ್ಯಾಡ್ರಿ ಅಂದಾರ.

ಸೆಟ್ಟಿನೊಳಗ ನೈಲಾನ್ ರಿಂಗ್ ಇರ್ತಾವು, ಅವು ಸವೀತಾವು, ವರ್ಷಕ್ಕ ಒಮ್ಮೆ ಆಸುಪಾಸು ಬದಲಿ ಮಾಡ್ಬೇಕು. ದೊಡ್ಡ ಖರ್ಚಲ್ಲ, ಆದ್ರ ಮೊದಲ ಕೇಳ್ಕೊಂಡು ಇಡ್ರಿ. ಅವ್ವಾರಿಗೆ ಬೆರಳು ನಡುಗ್ತಾವ ಏನ್ ನೋಡ್ರಿ, ಯಾಕಂದ್ರ ದಿನಾ ಬಿಚ್ಚಿ ತೊಳೀಬೇಕು.

ಠಾಣೆ ಡೆಂಟಿಸ್ಟ್

ನಾನು ಪ್ರಾಸ್ತೋಡಾಂಟಿಸ್ಟ್, ಊರು ಶಿವಮೊಗ್ಗ, ಠಾಣೆಯಲ್ಲಿ ಪ್ರಾಕ್ಟೀಸ್. ಕ್ಲಿನಿಕ್ ಹೆಸರು ಹಾಕಲ್ಲ, ಪೇಶಂಟ್ ಹುಡುಕೋಕೆ ಇಲ್ಲಿ ಬಂದಿಲ್ಲ. ಮೇಲೆ ಪುಣೆಯವರು ಬರೆದಿರೋದು ಬಹಳ ಮುಖ್ಯವಾದ ಮಾತು, ಅದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮಗೆ ಹೇಳಿದ ಪಟ್ಟಿಯಲ್ಲಿ ಆ ದಾರಿನೇ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ.

ಮೊದಲು ಕೆಳಗಿನದ್ದೇ ಯಾಕೆ ಜಾರುತ್ತೆ ಅಂತ. ಮೇಲಿನ ಸೆಟ್ ಇಡೀ ಅಂಗುಳನ್ನ ಮುಚ್ಚಿಕೊಂಡು ಕೂರುತ್ತೆ, ನಡುವೆ ತೆಳ್ಳಗೆ ಜೊಲ್ಲಿನ ಪದರ ಇರುತ್ತೆ, ಗಾಳಿ ಹೋಗದೆ ಹಿಡಿತ ಸಿಗುತ್ತೆ. ಕೆಳಗೆ ನಾಲಿಗೆ ಇರೋದ್ರಿಂದ ಸೆಟ್ ಬರೀ ಕುದುರೆ ಲಾಳದ ಆಕಾರ, ಅದಕ್ಕೆ ಸಿಗೋ ಜಾಗ ಮೇಲಿನದ್ದರ ಸುಮಾರು ಅರ್ಧ. ಅದರ ಮೇಲೆ ನಾಲಿಗೆ ಒಂದು ಕಡೆಯಿಂದ, ಕೆನ್ನೆ ತುಟಿ ಇನ್ನೊಂದು ಕಡೆಯಿಂದ ಇಡೀ ದಿನ ತಳ್ತಾ ಇರುತ್ತೆ. ಹಲ್ಲು ಹೋದ ಮೇಲೆ ದವಡೆ ಮೂಳೆ ಕರಗೋಕೆ ಶುರು ಆಗುತ್ತೆ, ಮೊದಲ ವರ್ಷ ಅತಿ ಜಾಸ್ತಿ, ಆಮೇಲೆ ನಿಧಾನ, ಆದ್ರೆ ನಿಲ್ಲಲ್ಲ. ಸೆಟ್ ಹಾಕ್ಕೊಂಡವರನ್ನ 25 ವರ್ಷ ಹಿಂಬಾಲಿಸಿ 1972ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, ಅದರಲ್ಲಿ ಕೆಳ ದವಡೆ ಮೇಲಿನದ್ದರ ಸುಮಾರು ನಾಲ್ಕು ಪಟ್ಟು ಕರಗಿತ್ತು. ಅಂದ್ರೆ ಆರೇಳು ವರ್ಷದ ಹಿಂದೆ ಅಮ್ಮನ ಬಾಯಿಗೆ ಸರಿಯಾಗಿ ಕೂತ ಸೆಟ್ಟು ಇವತ್ತಿನ ಬಾಯಿಗೆ ಕೂರಲ್ಲ, ಸೆಟ್ ಹಾಗೇ ಇದೆ, ಕೆಳಗಿನ ನೆಲ ಇಳಿದಿದೆ. ಬಿಪಿ ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸುತ್ತವೆ, ಅದೂ ಹಿಡಿತ ಕಡಿಮೆ ಮಾಡುತ್ತೆ.

ಹಾಗಾಗಿ ನಿಮ್ಮ ಬಿಲ್ಡಿಂಗ್ ಡಾಕ್ಟರ್ ಹೇಳಿದ ರಿಲೈನ್ ತಪ್ಪು ಮಾತಲ್ಲ, ಮೂಳೆ ಇನ್ನೂ ಸಾಕಷ್ಟು ಎತ್ತರ ಇದ್ರೆ ಅದರಲ್ಲೇ ಅಥವಾ ಹೊಸ ಸೆಟ್ಟಲ್ಲೇ ತುಂಬ ಸುಧಾರಿಸಬಹುದು. ಮೂಳೆ ಚಪ್ಪಟೆ ಆಗಿದ್ರೆ ಎಷ್ಟು ಸಲ ರಿಲೈನ್ ಮಾಡಿದ್ರೂ ಕೆಲವೇ ತಿಂಗಳು. ಆ ಸ್ಥಿತಿಗೇ ಎರಡು ಇಂಪ್ಲಾಂಟ್ ಮೇಲೆ ಕೂರೋ ಸೆಟ್ ಇರೋದು, ನಾವು ಓವರ್‌ಡೆಂಚರ್ ಅಂತೀವಿ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಸೇರಿ ಕೊಟ್ಟ ಅಭಿಪ್ರಾಯ ಇದೇ, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಬರೀ ಸೆಟ್ಟಲ್ಲ, ಎರಡು ಇಂಪ್ಲಾಂಟ್ ಇರೋ ಸೆಟ್ಟು ಅಂತ. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೇರಿದವರೂ ಅದನ್ನೇ ಎತ್ತಿ ಹಿಡಿದ್ರು. ನಮ್ಮಲ್ಲಿ ಇದರ ಬಗ್ಗೆ ಜನಕ್ಕೆ ಹೇಳೋದೇ ಕಡಿಮೆ. ಒಂದೋ ಬರೀ ಸೆಟ್, ಇಲ್ಲಾ ಐದು ಲಕ್ಷ, ನಡುವಿನ ದಾರಿ ಬಾಯಿಗೇ ಬರಲ್ಲ.

ಮುಂಭಾಗ ಯಾಕೆ ಅಂದ್ರೆ ಕೆಳದವಡೆಯ ಮುಂದಿನ ಮೂಳೆ ಎಷ್ಟೇ ಕರಗಿದ್ರೂ ಗಟ್ಟಿ ಉಳಿಯುತ್ತೆ, ಮತ್ತೆ ತುಟಿಗೆ ಹೋಗೋ ನರ ಅಲ್ಲಿಗಿಂತ ಹಿಂದೆ ಹೊರಗೆ ಬಂದಿರುತ್ತೆ. ಹಿಂದೆ ಹಾಕೋವಾಗ ಆ ನರಕ್ಕೆ ಪೆಟ್ಟಾದ್ರೆ ತುಟಿ ಗದ್ದ ಜೋಮು ಹಿಡಿದ ಹಾಗೆ ಉಳಿದುಬಿಡುತ್ತೆ. ಅದಕ್ಕೇ ಬರೀ ಓಪಿಜಿ, ಅಂದ್ರೆ ಇಡೀ ದವಡೆಯ ಎಕ್ಸ್‌ರೇ ನೋಡಿ ಒಪ್ಪಬೇಡಿ, ಸಿಬಿಸಿಟಿ ಅನ್ನೋ 3ಡಿ ಸ್ಕ್ಯಾನ್ ಮಾಡಿಸಿ, ಮೂಳೆಯ ದಪ್ಪ ಅದರಲ್ಲೇ ಕಾಣೋದು.

ಎಷ್ಟು ವರ್ಷ ಬರುತ್ತೆ ಅಂತ ಕೇಳಿದ್ರಿ. ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುತ್ತೆ ಅಂತ ತೋರಿಸಿದ್ದು ಸ್ವೀಡನ್ನಿನ ಬ್ರೋನೆಮಾರ್ಕ್, ಅವರು 1965ರಲ್ಲಿ ಹಾಕಿದ ಮೊದಲ ಪೇಶಂಟ್ 2006ರಲ್ಲಿ ತೀರಿಕೊಳ್ಳೋವರೆಗೂ ಅದೇ ಇಂಪ್ಲಾಂಟ್‌ಗಳಲ್ಲಿ ಊಟ ಮಾಡಿದ್ರು. ಎಲ್ಲರಿಗೂ ಹಾಗೇ ಆಗುತ್ತೆ ಅಂತಲ್ಲ. ಕ್ಲೀನ್ ಇಡದಿದ್ರೆ, ತಂಬಾಕು ಇದ್ರೆ, ಶುಗರ್ ಹದ ತಪ್ಪಿದ್ರೆ ಇಂಪ್ಲಾಂಟ್ ಸುತ್ತ ಕೀವು ಆಗಿ ಮೂಳೆ ಹೋಗುತ್ತೆ, ಸ್ಕ್ರೂ ಸಡಿಲ ಆಗುತ್ತೆ. ಸ್ವಂತ ಹಲ್ಲಿನ ಹಾಗೆ ಅದು ಮೊದಲೇ ನೋವು ಕೊಟ್ಟು ಎಚ್ಚರಿಸಲ್ಲ, ಹಾಗಾಗಿ ಆರು ತಿಂಗಳಿಗೊಮ್ಮೆ ತೋರಿಸಲೇಬೇಕು.

ಆಲ್ ಆನ್ ಫೋರ್ ಕೆಟ್ಟದ್ದಲ್ಲ, ಪೋರ್ಚುಗಲ್‌ನಲ್ಲಿ ಶುರುವಾದ ಒಳ್ಳೆ ಪದ್ಧತಿ, ಸರಿಯಾಗಿ ಮಾಡಿದವರ ಕೈಯಲ್ಲಿ ಚೆನ್ನಾಗೇ ಬರುತ್ತೆ. ಆದ್ರೆ ಅಮ್ಮನ ಮೇಲಿನ ಸೆಟ್ ಗಟ್ಟಿಯಾಗಿ ಕೂರ್ತಿರೋವಾಗ ಮೇಲೆ ನಾಲ್ಕು ಹಾಕೋದು ಯಾಕೆ ಅಂತ ಆ ಕ್ಲಿನಿಕ್ಕನ್ನೇ ಕೇಳಿ. ಫಿಕ್ಸ್ ಹಲ್ಲಿನ ಅಡಿ ದಿನಾ ಸಣ್ಣ ಬ್ರಷ್ ಹಾಕಿ ತೊಳೀಬೇಕು, ಎಪ್ಪತ್ತು ದಾಟಿದವರಿಗೆ ತೆಗೆದು ತೊಳೆಯೋ ಸೆಟ್ಟೇ ಎಷ್ಟೋ ಸಲ ಸುಲಭ. ಬೇಸಲ್ ಬಗ್ಗೆ ಹೇಳೋದಾದ್ರೆ, ಮಾಮೂಲಿ ಇಂಪ್ಲಾಂಟ್‌ಗೆ ಇರೋ ಅಷ್ಟು ದೀರ್ಘಕಾಲದ ಅಧ್ಯಯನಗಳು ಅದಕ್ಕಿಲ್ಲ, ಫೇಲ್ ಆದ್ರೆ ತೆಗೆಯೋದೂ ಕಷ್ಟ, ನನ್ನ ತಾಯಿಗಾದ್ರೆ ನಾನು ಹಾಕಿಸಲ್ಲ. ಈ ವಾರ ಅಡ್ವಾನ್ಸ್ ಕಟ್ಟಿ ಅಂತ ಒತ್ತಾಯ ಮಾಡೋ ಕಡೆ ದಯವಿಟ್ಟು ಕಟ್ಟಬೇಡಿ. ಬಾಯಿ ಎಲ್ಲೂ ಓಡಿ ಹೋಗಲ್ಲ.

ವಯಸ್ಸು ಅಡ್ಡಿ ಅಲ್ಲ. ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ಎಷ್ಟಿದೆ ಅನ್ನೋದು ಅಡ್ಡಿ. 7ರ ಆಸುಪಾಸು ಇದ್ರೆ ಧೈರ್ಯವಾಗಿ ಮಾಡ್ತೀವಿ, 8 ದಾಟಿದ್ರೆ ಮೊದಲು ಅದನ್ನ ಇಳಿಸಿ ಬನ್ನಿ ಅಂತೀವಿ. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ತಾವಾಗಿ ನಿಲ್ಲಿಸೋ ಹಾಗಿಲ್ಲ, ಹಾರ್ಟ್ ಡಾಕ್ಟರನ್ನ ಕೇಳಬೇಕು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತಗೊಳ್ತಿದ್ದಾರಾ ಅಂತ ಖಂಡಿತ ನೋಡಿ, ಇದು ಬಹಳ ಜನ ಹೇಳದೇ ಬಿಡೋ ವಿಷಯ.

ಕ್ರೀಮ್ ಬಗ್ಗೆ ಬರೆದ ಅಕ್ಕನಿಗೆ ಒಂದು ಮಾತು. ಮದುವೆ ಸಮಾರಂಭಕ್ಕೆ ಹಾಕಿದ್ರೆ ತೊಂದರೆ ಇಲ್ಲ, ಆದ್ರೆ ಸಡಿಲ ಸೆಟ್ಟಿಗೆ ದಿನಾ ಟ್ಯೂಬ್ ಟ್ಯೂಬ್ ಸುರೀಬೇಡಿ. ಝಿಂಕ್ ಇರೋ ಕ್ರೀಮ್ ವರ್ಷಗಟ್ಟಲೆ ಅತಿಯಾಗಿ ಬಳಸಿದವರಿಗೆ ನರದ ತೊಂದರೆ ಆದ ಉದಾಹರಣೆ ಇದೆ, ಝಿಂಕ್ ಇಲ್ಲದ್ದು ನೋಡಿ ತಗೊಳ್ಳಿ. ಇನ್ನೊಂದು, ಎಲ್ಲರಿಗೂ. ಸೆಟ್ಟಿಂದ ಆದ ಹುಣ್ಣು ಅಂತ ಅಂದುಕೊಂಡಿದ್ದು ಸೆಟ್ ತೆಗೆದಿಟ್ಟು ಎರಡು ವಾರ ಆದ್ರೂ ವಾಸಿ ಆಗದಿದ್ರೆ ಸುಮ್ಮನಿರಬೇಡಿ, ತಕ್ಷಣ ತೋರಿಸಿ, ಬಾಯಿ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡ್ಕೊಳ್ಳಲೇಬೇಕು.

ವಾಸ್ಕೋ ವಾಸಿ

ಎಲ್ಲರೂ ಇಂಪ್ಲಾಂಟ್ ಅಂತಿದ್ದೀರಿ, ನಾನು ಇನ್ನೊಂದು ಕಡೆಯಿಂದ ಹೇಳ್ತೇನೆ. ನಾವು ಅಂಕೋಲಾದವರು, ವಾಸ್ಕೋದಲ್ಲಿ ಇರೋದು. ನಮ್ಮ ಆಯಿಗೆ 84. ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡೋ ಮಾತ್ರೆ ಎರಡೆರಡು. ಆ ಸ್ಥಿತಿಯಲ್ಲಿ ಸ್ಕ್ರೂ ಹಾಕಿಸೋ ಧೈರ್ಯ ನಮಗೆ ಇರಲಿಲ್ಲ, ಆಯಿಗೂ ಬೇಡ. ಬಾಂಬೋಳಿಯ ಗೋವಾ ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದ್ವಿ.

ಅಲ್ಲಿ ಎಂಡಿಎಸ್ ಓದ್ತಿರೋ ಮಕ್ಕಳು ನೋಡೋದು, ಹಿಂದೆ ಪ್ರೊಫೆಸರ್ ನಿಂತಿರ್ತಾರೆ. ಟೈಮ್ ತುಂಬ ಹಿಡೀತದೆ, ಒಂದೇ ಸಲಕ್ಕೆ ಆಗೋದಿಲ್ಲ, ಕೂತು ಕಾಯಬೇಕು. ಆದ್ರೆ ಅಷ್ಟು ತಾಳ್ಮೆಯಿಂದ ಅಳತೆ ತಗೊಂಡಿದ್ದು ನಾನು ಬೇರೆಲ್ಲೂ ನೋಡಿಲ್ಲ. ಆಯಿಯ ಬಾಯಲ್ಲಿ ಮೆತ್ತನೆಯ ವಸ್ತು ಇಟ್ಟು ನೀರು ಕುಡೀರಿ, ಮಾತಾಡ್ರಿ, ತುಟಿ ಚಾಚ್ರಿ ಅಂತೆಲ್ಲ ಮಾಡಿಸಿದ್ರು, ನಾಲಿಗೆ ಮತ್ತು ಕೆನ್ನೆ ಎರಡೂ ತಳ್ಳದ ಜಾಗ ಎಲ್ಲಿದೆ ಅಂತ ಹುಡುಕಿ ಅಲ್ಲೇ ಹಲ್ಲು ಕೂರಿಸೋ ವಿಧಾನ ಅಂತೆ, ನ್ಯೂಟ್ರಲ್ ಝೋನ್ ಅಂತಾರೆ. ಒಂದು ಕಡೆ ಮೂಳೆಯ ಚೂಪು ಅಂಚು ವಸಡಿನ ಒಳಗಿಂದ ಚುಚ್ಚುತಿತ್ತು, ಹುಣ್ಣಿಗೆ ಅದೇ ಕಾರಣ ಅಂತ ಹೇಳಿ ಸೆಟ್ಟಲ್ಲಿ ಆ ಜಾಗ ಬಿಡಿಸಿ ಮಾಡಿದ್ರು.

ಈಗ ಜಾರೋದೇ ಇಲ್ಲ ಅಂತ ನಾನು ಹೇಳೋದಿಲ್ಲ, ಗಟ್ಟಿ ಸೀನಿದ್ರೆ ಅಲ್ಲಾಡ್ತದೆ. ಆದ್ರೆ ಹುಣ್ಣು ನಿಂತಿದೆ, ಮೀನು ಚಪಾತಿ ತಿಂತಾರೆ, ಫೋನಲ್ಲಿ ಅಕ್ಕನ ಹತ್ರ ಗಂಟೆಗಟ್ಟಲೆ ಮಾತಾಡ್ತಾರೆ, ಮೊದಲು ಅದೂ ನಿಂತಿತ್ತು. ಖರ್ಚು ಹೊರಗಿನ ಕ್ಲಿನಿಕ್‌ಗೆ ಹೋಲಿಸಿದ್ರೆ ಏನೇನೂ ಅಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ, ಹಳೇ ಸೆಟ್ ಸರಿಯಿಲ್ಲ ಅಂದ ಮಾತ್ರಕ್ಕೆ ಸೆಟ್ಟೇ ಸರಿಯಿಲ್ಲ ಅಂತ ತೀರ್ಮಾನ ಮಾಡಬೇಡಿ.

ಠಾಣೆ ಡೆಂಟಿಸ್ಟ್

ವಾಸ್ಕೋದವರು ಹೇಳಿದ್ದು ನೂರಕ್ಕೆ ನೂರು ಸರಿ. ಒಳ್ಳೆ ಸೆಟ್ ಇಲ್ಲದೆ ಇಂಪ್ಲಾಂಟೂ ಗೆಲ್ಲಲ್ಲ, ಯಾಕಂದ್ರೆ ಓವರ್‌ಡೆಂಚರ್ ಕೂಡ ಸೆಟ್ಟೇ. ಕೆಟ್ಟ ಸೆಟ್ಟನ್ನ ಎರಡು ಸ್ಕ್ರೂಗೆ ಸಿಕ್ಕಿಸಿದ್ರೆ ಅದು ಸ್ಕ್ರೂನೂ ಹಾಳು ಮಾಡುತ್ತೆ.

ಮಾಟುಂಗಾ ಅಜ್ಜಿ

ಮಗಳೇ, ನಿನ್ನ ಅಮ್ಮನ ವಯಸ್ಸೇ ನನಗೂ. ಹಾಕಿಸಿಕೊಂಡವಳು ನಾನೇ ಆದ್ದರಿಂದ ಬರೀತಿದ್ದೀನಿ, ಮಕ್ಕಳು ಹೇಳೋದು ಬೇರೆ, ಬಾಯಿ ಇರೋರು ಹೇಳೋದು ಬೇರೆ.

ಕೆಳಗೆ ಎರಡು ಇಂಪ್ಲಾಂಟ್, ಮೇಲೆ ಮಾಮೂಲಿ ಸೆಟ್. ಹಾಕುವಾಗ ನೋವಿಲ್ಲ, ಡ್ರಿಲ್ ಸದ್ದು ತಲೆಯೊಳಗೆ ಕೇಳತ್ತೆ, ಅದಕ್ಕೆ ಹೆದರಿಕೆ ಆಗತ್ತೆ, ಮೊದಲೇ ಹೇಳಿಡು ಅವರಿಗೆ. ಹೊಲಿಗೆ ಬಿಚ್ಚೋವರೆಗೆ ತಣ್ಣಗಿನ ಮೊಸರನ್ನ, ರಾಗಿ ಅಂಬಲಿ ಇದ್ದರೆ ಸಾಕು. ಗುಂಡಿ ಕೂರಿಸಿದ ಮೇಲೆ ಮೊದಲ ದಿನಗಳಲ್ಲಿ ಸೆಟ್ ಬಿಚ್ಚೋಕೆ ನನ್ನ ಕೈಲಿ ಆಗಲಿಲ್ಲ, ಅಷ್ಟು ಬಿಗಿ, ಅಳು ಬಂತು. ಡಾಕ್ಟರಮ್ಮ ಸ್ವಲ್ಪ ಸಡಿಲ ರಿಂಗ್ ಹಾಕಿ ಕೊಟ್ಟರು, ಬಣ್ಣ ಬಣ್ಣದ್ದು ಬರತ್ತೆ, ಒಂದೊಂದಕ್ಕೆ ಒಂದೊಂದು ಹಿಡಿತ. ಹೇಳಿ ಕೇಳಿದರೆ ಬದಲಾಯಿಸಿ ಕೊಡ್ತಾರೆ, ಸಂಕೋಚಪಟ್ಟು ಸುಮ್ಮನಿರಬಾರದು.

ರಾತ್ರಿ ತೆಗೆದು ನೀರಲ್ಲಿ ಹಾಕಿಡಬೇಕು, ವಸಡಿಗೂ ಉಸಿರಾಡೋಕೆ ಹೊತ್ತು ಬೇಕು. ಬಿಸಿನೀರು ಬೇಡ, ಸೆಟ್ ಸೊಟ್ಟಗಾಗತ್ತೆ. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳತ್ತೆ, ಮೆತ್ತನೆ ಬ್ರಷ್, ಕೈ ತೊಳೆಯೋ ಸೋಪು ಸಾಕು. ಬಾಯಲ್ಲಿರೋ ಗುಂಡಿಗಳನ್ನ ಮಾತ್ರ ಬೆಳಿಗ್ಗೆ ರಾತ್ರಿ ಚೆನ್ನಾಗಿ ಬ್ರಷ್ ಮಾಡಬೇಕು, ಹಲ್ಲಿಲ್ಲವಲ್ಲ ಅಂತ ಬಿಡೋ ಹಾಗಿಲ್ಲ.

ಇನ್ನೆಷ್ಟು ದಿನಕ್ಕೆ ಅಂತಾರೆ ಅಂದೆಯಲ್ಲ, ನಾನೂ ಅದನ್ನೇ ಅಂದಿದ್ದೆ. ಆ ಮಾತಿನ ಹಿಂದೆ ಇರೋದು ದುಡ್ಡಿನ ಸಂಕೋಚ, ಮಕ್ಕಳಿಗೆ ಭಾರ ಆಗ್ತೀನಿ ಅನ್ನೋದು. ಐದು ಲಕ್ಷದ ಮಾತನ್ನ ಅವರ ಎದುರು ಆಡಬೇಡ. ದಿನಕ್ಕೆ ಮೂರು ಹೊತ್ತು ಊಟ ಮಾಡಲೇಬೇಕಲ್ಲ ಅಮ್ಮ, ಅದೊಂದು ಸರಿಮಾಡಿಸೋಣ ಅನ್ನು. ಒಪ್ತಾರೆ. ಒಪ್ಪದಿದ್ದರೆ ಬಲವಂತ ಬೇಡ, ಬಾಯಿ ಅವರದು. ಕೈ ಬಾಯಿಗೆ ಅಡ್ಡ ಇಡದೆ ನಾನು ಈಗ ಮೈಸೂರ್ ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಬಂದು ಎಲ್ಲರ ಜೊತೆ ನಗ್ತೀನಿ, ಅದಕ್ಕೆ ಬೆಲೆ ಕಟ್ಟೋಕೆ ಆಗಲ್ಲ.

ಡೊಂಬಿವಲಿ ಮಗಳು

ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ, ಆಂಟಿ ನಿಮ್ಮದು ಅಮ್ಮನಿಗೆ ಓದಿ ಹೇಳಿದೆ, ಸುಮ್ಮನೆ ಕೇಳಿಸಿಕೊಂಡ್ರು, ಆಮೇಲೆ ಆ ಎರಡು ಸ್ಕ್ರೂವಿನದ್ದು ಎಷ್ಟಾಗ್ತದಂತೆ ಅಂತ ತಾವೇ ಕೇಳಿದ್ರು!

ಡಾಕ್ಟರ್, ಮಾತ್ರೆ ಡಬ್ಬಿ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ವಾರಕ್ಕೊಂದು ಮೂಳೆ ಮಾತ್ರೆ ಉಂಟು, ಅಲೆಂಡ್ರೊನೇಟ್ 70 ಅಂತ, ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಂಡು ಅರ್ಧ ಗಂಟೆ ಮಲಗಬಾರದು ಅಂತ ಹೇಳಿದ್ದು. ಸುಮಾರು ಮೂರು ವರ್ಷದಿಂದ. ಆ ದೊಡ್ಡ ಕ್ಲಿನಿಕ್‌ನಲ್ಲಿ ಇದನ್ನು ಕೇಳಲೇ ಇಲ್ಲ. ಇದಿದ್ರೆ ಇಂಪ್ಲಾಂಟ್ ಆಗೋದೇ ಇಲ್ವಾ? ಈಗ ನಿಲ್ಲಿಸಿಬಿಡ್ಲಾ? ಎಚ್‌ಬಿಎ1ಸಿ ಹಿಂದಿನದ್ದು 7.4 ಇತ್ತು.

ಠಾಣೆ ಡೆಂಟಿಸ್ಟ್

ನಿಲ್ಲಿಸಬೇಡಿ. ಆ ಮಾತ್ರೆ ಸೊಂಟದ ಮೂಳೆ, ಬೆನ್ನುಮೂಳೆ ಮುರೀದ ಹಾಗೆ ಕಾಪಾಡ್ತಿದೆ, ಅದು ಹಲ್ಲಿಗಿಂತ ದೊಡ್ಡ ವಿಷಯ. ಕೊಟ್ಟ ಡಾಕ್ಟರೇ ನಿರ್ಧಾರ ಮಾಡಬೇಕು.

ವಿಷಯ ಏನಂದ್ರೆ ಈ ಜಾತಿಯ ಔಷಧಿ ಮೂಳೆ ತನ್ನನ್ನ ತಾನು ಹೊಸದು ಮಾಡ್ಕೊಳ್ಳೋದನ್ನ ನಿಧಾನ ಮಾಡುತ್ತೆ, ಅದರಿಂದ ದವಡೆಯಲ್ಲಿ ಗಾಯ ಆದ್ರೆ ಅಪರೂಪಕ್ಕೆ ಕೆಲವರಿಗೆ ಮೂಳೆ ಮಾಗದೆ ಅಲ್ಲೇ ಸತ್ತು ಹೊರಗೆ ಕಾಣೋಕೆ ಶುರು ಆಗುತ್ತೆ. 2003ರಿಂದ ಇದು ವೈದ್ಯರ ಗಮನಕ್ಕೆ ಬಂದಿದ್ದು, ಮೊದಲು ಕಂಡಿದ್ದು ಹೆಚ್ಚಾಗಿ ಕ್ಯಾನ್ಸರ್‌ಗೆ ದೊಡ್ಡ ಡೋಸ್ ಇಂಜೆಕ್ಷನ್ ತಗೊಳ್ತಿದ್ದವರಲ್ಲಿ. ವಾರಕ್ಕೊಂದು ಮಾತ್ರೆಯವರಲ್ಲಿ ಅಪಾಯ ಬಹಳ ಕಡಿಮೆ, ಆದ್ರೆ ವರ್ಷ ಹೆಚ್ಚಾದಷ್ಟೂ ಏರುತ್ತೆ, ಶುಗರ್ ಇದ್ರೆ ಇನ್ನಷ್ಟು ನೋಡ್ಕೊಂಡು ಮಾಡಬೇಕು. ಇಂಥವರಿಗೆ ಎರಡೇ ಇಂಪ್ಲಾಂಟ್ ಸಾಕಾಗೋ ಕಡೆ ಎಂಟು ಹಾಕೋದು ನನಗೆ ಒಪ್ಪಿಗೆಯಿಲ್ಲ, ಗಾಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ಸಡಿಲ ಸೆಟ್ಟಿಂದ ಪದೇ ಪದೇ ಆಗೋ ಹುಣ್ಣು ಕೂಡ ಇಂಥವರಿಗೆ ಒಳ್ಳೇದಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ, ಸುಮ್ಮನೆ ಬಿಡೋದೂ ಉತ್ತರ ಅಲ್ಲ.

ನಾನು ಹೇಳೋ ದಾರಿ: ಸೆಂಟ್ರಲ್ ಲೈನ್‌ನಲ್ಲಿದ್ದೀರಿ, ಸಿಎಸ್‌ಎಂಟಿಗೆ ನೇರ ಟ್ರೇನ್. ಸೇಂಟ್ ಜಾರ್ಜ್ ಆಸ್ಪತ್ರೆ ಕಾಂಪೌಂಡ್‌ನಲ್ಲೇ ಗವರ್ನಮೆಂಟ್ ಡೆಂಟಲ್ ಕಾಲೇಜ್ ಇದೆ, ಸ್ಟೇಷನ್ನಿಂದ ನಡೆಯೋ ದೂರ. ಇಲ್ಲಾಂದ್ರೆ ಮುಂಬೈ ಸೆಂಟ್ರಲ್‌ನಲ್ಲಿ ಬಿಎಂಸಿಯ ನಾಯರ್ ಡೆಂಟಲ್ ಕಾಲೇಜ್, ಅದಕ್ಕೆ ದಾದರ್‌ನಲ್ಲಿ ಬದಲಾಯಿಸಬೇಕು. ಪ್ರಾಸ್ತೋಡಾಂಟಿಕ್ಸ್ ವಿಭಾಗದಲ್ಲಿ ಕೇಸ್ ಪೇಪರ್ ಮಾಡಿಸಿ, ಮೂಳೆ ಎಷ್ಟು ಉಳಿದಿದೆ, ಹೊಸ ಸೆಟ್ಟಲ್ಲಿ ಆಗುತ್ತಾ, ಎರಡು ಇಂಪ್ಲಾಂಟ್ ಬೇಕಾ ಅಂತ ಕೇಳಿ. ಮಾರೋ ಉದ್ದೇಶ ಇಲ್ಲದ ಕಡೆ ಒಂದು ಅಭಿಪ್ರಾಯ ಸಿಗುತ್ತೆ. ಆಮೇಲೆ ಎಲ್ಲಿ ಬೇಕಾದ್ರೂ ಮಾಡಿಸಿ. ಹೊರಗೆ ಮಾಡಿಸಿದ್ರೆ ಯಾವ ಕಂಪನಿ ಇಂಪ್ಲಾಂಟ್, ಅಳತೆ ಎಷ್ಟು, ಲಾಟ್ ನಂಬರ್ ಏನು ಅಂತ ಇರೋ ಸ್ಟಿಕ್ಕರ್ ತಪ್ಪದೆ ಇಸ್ಕೊಳ್ಳಿ, ಹತ್ತು ವರ್ಷದ ನಂತರ ಒಂದು ಗುಂಡಿ ಬದಲಾಯಿಸಬೇಕಂದ್ರೆ ಬೇರೆ ಡಾಕ್ಟರಿಗೆ ಅದೇ ಆಧಾರ.

ಧಾರವಾಡ ಟು ಪುಣೆ

ಸ್ಟಿಕ್ಕರ್ ಮಾತು ಭಾಳ ಚಲೋ ಹೇಳಿದ್ರಿ ಡಾಕ್ಟರ್. ನಾವು ಇಸ್ಕೊಂಡು ಆಧಾರ್ ಕಾರ್ಡ್ ಜೋಡಿ ಫೈಲಿನ್ಯಾಗ ಇಟ್ಟೀವಿ. ಅಕ್ಕಾರ, ರೇಟ್ ಕೇಳೋ ಮುಂದ ಸ್ಕ್ರೂ, ಗುಂಡಿ, ಸೆಟ್, ಸ್ಕ್ಯಾನ್ ಎಲ್ಲಾ ಬ್ಯಾರೆ ಬ್ಯಾರೆ ಬರೆಸ್ಕೋರಿ. ಸ್ಕ್ರೂದ್ದಷ್ಟ ರೇಟ್ ಹೇಳಿ ಆಮೇಲೆ ಒಂದೊಂದ ಏರಿಸ್ತಾರ ಕೆಲವರು.

ಡೊಂಬಿವಲಿ ಮಗಳು

ಸೋಮವಾರ ಅಮ್ಮನನ್ನು ಕರ್ಕೊಂಡು ಗವರ್ನಮೆಂಟ್ ಡೆಂಟಲ್‌ಗೆ ಹೋಗ್ತಿದ್ದೇವೆ, ತಮ್ಮನಿಗೂ ಹೇಳಿದೆ, ಐದೂವರೆ ಲಕ್ಷ ಈಗ ಕಳಿಸಬೇಡ ಅಂತ. ಕೆಳಗಿನ ಸೆಟ್ ಈಗ ಹುಣ್ಣಿಗೆ ತೆಗೆದಿಟ್ಟಿದ್ದಾರೆ, ಹಾಗೇ ಕರ್ಕೊಂಡು ಹೋಗ್ಲಾ, ಇಲ್ಲ ಹಾಕಿಸಬೇಕಾ? ಖಾಲಿ ಹೊಟ್ಟೆ ಬೇಕಾ?

ಠಾಣೆ ಡೆಂಟಿಸ್ಟ್

ಖಾಲಿ ಹೊಟ್ಟೆ ಬೇಡವೇ ಬೇಡ, ಮೊದಲ ದಿನ ಬರೀ ನೋಡೋದು. ತಿಂಡಿ ತಿಂದು ಶುಗರ್ ಬಿಪಿ ಮಾತ್ರೆ ಮಾಮೂಲಿನಂತೆ ತಗೊಂಡು ಬರಲಿ, ಕಾಯಬೇಕಾಗುತ್ತೆ, ಬಿಸ್ಕೆಟ್ ನೀರು ಇಟ್ಕೊಳ್ಳಿ. ತೀರಾ ನೋವಿಲ್ಲ ಅಂದ್ರೆ ಭಾನುವಾರ ಊಟದ ಹೊತ್ತಿಗಾದ್ರೂ ಸೆಟ್ ಹಾಕ್ಕೊಳ್ಳಲಿ, ಎಲ್ಲಿ ಒತ್ತುತ್ತೆ ಅನ್ನೋ ಕೆಂಪು ಗುರುತು ಇದ್ರೆ ನೋಡೋರಿಗೆ ಅನುಕೂಲ. ನೋವು ಜಾಸ್ತಿ ಇದ್ರೆ ಹಾಕೋದು ಬೇಡ, ಡಬ್ಬಿಯಲ್ಲಿ ನೀರು ಹಾಕಿ ಸೆಟ್ ತಗೊಂಡು ಹೋಗಿ, ಮೇಲಿನದ್ದೂ ಜೊತೆಗೆ. ಎಲ್ಲಾ ಮಾತ್ರೆ ಸ್ಟ್ರಿಪ್, ಮೂಳೆ ಮಾತ್ರೆ ಶುರುಮಾಡಿದ ಚೀಟಿ, ಹಳೇ ಓಪಿಜಿ ಇದ್ರೆ ಅದು. ಎಚ್‌ಬಿಎ1ಸಿ ಮೂರು ತಿಂಗಳಿಗಿಂತ ಹಳೇದಾಗಿದ್ರೆ ಶನಿವಾರವೇ ಹೊಸದು ಮಾಡಿಸಿಬಿಡಿ, ಅದಕ್ಕಾಗಿ ಇನ್ನೊಂದು ಸಲ ಓಡಾಡೋದು ತಪ್ಪುತ್ತೆ.